ಎಡಕ್ಕೆ ಬಿದ್ದ ಹೂ

ದಿನಕರನ ಮುಖ ನೋಡುವ ಎಷ್ಟೋ ತಿಂಗಳು ಮೊದಲೇ ನಾನು ಅವನ ಧ್ವನಿಗೆ ಸೋತಿದ್ದೆ.

ಹೊನ್ನಾವರ ಬಸ್ ನಿಲ್ದಾಣದ ಮೈಕಿನಲ್ಲಿ ಸಂಜೆಯ ಪಾಳಿ ಅವನದು. “ಮಂಕಿ, ಮುರ್ಡೇಶ್ವರ, ಶಿರಾಲಿ, ಭಟ್ಕಳ...” ಎಂದು ಅವನು ಕರೆದರೆ ಊರುಗಳೇ ಎದ್ದು ಬಂದು ಸಾಲಾಗಿ ನಿಂತ ಹಾಗೆ. ನಾನು ಬಿ.ಎಸ್ಸಿ. ಮುಗಿಸಿ ನಿಲ್ದಾಣದ ಎದುರಿನ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುತ್ತಿದ್ದೆ. ಸಂಜೆ ಭಟ್ಕಳದ ಬಸ್ಸಿನಲ್ಲಿ ಮುಟ್ಟಳ್ಳಿಯ ಮನೆಗೆ ಹೋಗಬೇಕಾದವಳು ಕಂಬದ ಮರೆಯಲ್ಲಿ ನಿಂತು ಒಂದೊಂದೇ ಬಸ್ಸು ಬಿಡುತ್ತಿದ್ದೆ. ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತಿದ್ದೆ: ಇವತ್ತು ಮೂರು ಬಸ್.

2006ರ ಜನವರಿಯಲ್ಲಿ ಆ ಧ್ವನಿ ನಮ್ಮ ಕೌಂಟರಿಗೇ ಬಂತು. ನಾಲಿಗೆಯ ಬುಡದಲ್ಲಿದ್ದ ಗಂಟಿನ ಚೂರೊಂದು ಪರೀಕ್ಷೆಗೆ ಹೋಗಿತ್ತು. ಉತ್ತರ ನನ್ನ ಕೈಯಲ್ಲಿತ್ತು.

“ಎಂತ ಬಂತು? ಪಾಸೋ ಫೇಲೋ?”

ನಾನು ಲಕೋಟೆಯ ಬಾಯಿಗೆ ಎರಡೆರಡು ಸಲ ಅಂಟು ಹಚ್ಚಿದೆ. “ಡಾಕ್ಟರಿಗೆ ತೋರಿಸಿ.”

“ಪಾಸಾದವ್ರಿಗೆ ಯಾರೂ ಹಾಂಗೆ ಹೇಳೂದಿಲ್ಲ.” ಬಾಗಿಲ ತನಕ ಹೋದವನು ತಿರುಗಿ ನಿಂತ. ಕಣ್ಣಿನಲ್ಲಿ ಮಾತ್ರ ನಗು. “ಮೂರು ಭಟ್ಕಳ ಬಸ್ ಬಿಟ್ಟು ನಾಕನೇದಕ್ಕೆ ಹತ್ತುವವ್ರು ನೀವೇ ಅಲ್ದ? ಮೈಕಿನ ರೂಮಿಗೂ ಒಂದು ಕಿಟಕಿ ಅದೆ.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವನ ಕೈಯಲ್ಲಿ ಕ್ಯಾನ್ಸರಿನ ಕಾಗದ, ನನ್ನ ಕೆನ್ನೆಯಲ್ಲಿ ಬಿಸಿ. ನಮ್ಮ ಪ್ರೇಮ ಶುರುವಾದದ್ದು ಹೀಗೆ.

ಮಾರನೇ ವಾರ ಅವನು ಕೌಂಟರಿನ ಮೇಲೆ ಇಂಗ್ಲಿಷಿನ ಕಾಗದಗಳ ಕಟ್ಟು ಇಟ್ಟ. “ಓದಿ ಹೇಳಿ ಮಾರಾಯ್ರೆ. ನಂಗೆ ಊರ ಹೆಸರು ಮಾತ್ರ ಬರ್ತದೆ.”

ತೆಂಕಣದ ದೊಡ್ಡ ಆಸ್ಪತ್ರೆಯವರು ಎರಡು ದಾರಿ ತೋರಿಸಿದ್ದರು. ಒಂದು, ಈಗಲೇ ನಾಲಿಗೆಯನ್ನು ಬುಡದಿಂದ ಕತ್ತರಿಸುವುದು, ಮಾತು ಹೋಗುತ್ತದೆ. ಇನ್ನೊಂದು, ಹೊಸದಾಗಿ ನಡೆಯುತ್ತಿದ್ದ ಒಂದು ಪ್ರಯೋಗಕ್ಕೆ ಸೇರುವುದು. ಎಲ್ಲರಿಗೂ ಆರೂವರೆ ವಾರ ರೇಡಿಯೇಶನ್, ಅಂದರೆ ನಮ್ಮ ಜನ ಹೇಳುವ ಕರೆಂಟು. ಅದರ ಜೊತೆಗೆ ಅರ್ಧ ಜನರಿಗೆ ವಾರಕ್ಕೊಂದು ಹೊಸ ಇಂಜೆಕ್ಷನ್. ಯಾರಿಗೆ ಎಂಬುದು ಮುಚ್ಚಿದ ಲಕೋಟೆಯ ಚೀಟಿಯಲ್ಲಿ. ಗುಣ ಆದರೆ ನಾಲಿಗೆ ಉಳಿಯುತ್ತದೆ. ಆಗದಿದ್ದರೆ ಆಮೇಲೆ ಕತ್ತಿಗೆ ಸಿಗುವುದು ಸುಟ್ಟ ಮಾಂಸ, ಕೆಲಸ ಕಷ್ಟ.

“ಇಂಜೆಕ್ಷನ್ ಎಂತ ಮಾಡ್ತದೆ?”

“ಕ್ಯಾನ್ಸರಿನ ಕಣಕ್ಕೇ ಹೋಗಿ ಅಂಟಿಕೊಳ್ತದೆ. ಬೆಳೀಲಿಕ್ಕೆ ಬಿಡೂದಿಲ್ಲ. ಮೈಯೊಳಗಿನ ಕಾವಲಿನವ್ರನ್ನೂ ಕರೀತದೆ, ಕಳ್ಳ ಇಲ್ಲಿದ್ದಾನೆ ಬನ್ನಿ ಅಂತ. ಕರೆಂಟು ಅವನನ್ನ ಸುಡ್ತದೆ.”

“ಮೂರು ಜನ ಸೇರಿ ಒಬ್ಬನಿಗೆ ಹೊಡೆಯೂದು! ಪಾಪ ಕಳ್ಳ.”

ನಿರ್ಧಾರ ಮಾತ್ರ ಅವನ ತಾಯಿ ತಿಮ್ಮಿಯದು. ಅಘನಾಶಿನಿಯ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಮಗನನ್ನು ಓದಿಸಿದವಳು. ಅವಳಿಗೆ ಅಕ್ಷರ ಬಾರದು. ನನ್ನನ್ನು ಮನೆಗೆ ಕರೆಸಿ ಕಾಗದ ಓದಿಸಿಕೊಂಡು ಅವಳು ಹೇಳಿದ್ದು ಒಂದೇ: “ದೇವರ ಹತ್ರ ಪ್ರಸಾದ ಕೇಳದೆ ಆಗೂದಿಲ್ಲ.”

ಆದರೆ ದಿನಕರನ ಚಿಕ್ಕಪ್ಪ ತೀರಿಕೊಂಡು ನಾಲ್ಕೇ ದಿನವಾಗಿತ್ತು. ಸೂತಕದವರು ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಆಸ್ಪತ್ರೆಗೆ ಹೆಸರು ಕೊಡುವ ಕೊನೆಯ ದಿನ ಸೂತಕ ಕಳೆಯುವ ಮೊದಲೇ ಇತ್ತು. ತಿಮ್ಮಿ ನನ್ನ ಮುಖ ನೋಡಿದಳು. “ನೀ ಹೊರಗಿನವಳು, ನಿಂಗೆ ಮೈಲಿಗೆ ಇಲ್ಲ. ನಮ್ಮ ಪರವಾಗಿ ಹೋಗಿ ಬಾ ಮಗಾ.”

ಹೊರಗಿನವಳು ಅನ್ನುವ ಮಾತಿಗೆ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಗುಡ್ಡದ ಗುಡಿಯಲ್ಲಿ ಪೂಜಾರಿ ಮಹಾಬಲ ಗುನಗ ಒದ್ದೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳುಗಳನ್ನು ದೇವರ ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿದ. “ಕರೆಂಟು, ಇಂಜೆಕ್ಷನ್ ಮಾಡಿಸಬಹುದಾದ್ರೆ ಬಲಕ್ಕೆ ಕೊಡು ಸ್ವಾಮಿ. ಬೇಡವಾದ್ರೆ ಎಡಕ್ಕೆ.” ನಾವಿಬ್ಬರೂ ಕಣ್ಣು ಮಿಟುಕಿಸದೆ ಕೂತೆವು. ಹೊರಗೆ ಒಂದು ಹೇಂಟೆ ಕೆದರುತ್ತಿತ್ತು. ಎಸಳೊಂದು ಜಾರಿ, ತಡೆದು, ಬಿತ್ತು.

ಎಡಕ್ಕೆ.

“ಬೇಡ ಅಂದ ದೇವರು. ಕತ್ತರಿಸೂದೇ ಒಳ್ಳೇದು ತಂಗಿ,” ಅಂದ ಗುನಗ.

ಅಘನಾಶಿನಿಯ ಅವರ ಮನೆಯಂಗಳಕ್ಕೆ ನಾನು ಕಾಲಿಟ್ಟಾಗ ತಿಮ್ಮಿ ಸೆರಗು ಹಿಡಿದು ಎದ್ದು ನಿಂತಳು. ದಿನಕರ ಜಗಲಿಯಲ್ಲಿದ್ದ. “ಬಂದ್ಯಾ ಧನ್ಯಾ?” ಅಂದ. ಎರಡೇ ಶಬ್ದ. ಆ ಧ್ವನಿಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಅದನ್ನು ಕತ್ತರಿಸಿ ಎಸೆಯಿರಿ ಎಂದು ಹೇಳಲು ನನ್ನ ಬಾಯಿಂದ ಆಗಲಿಲ್ಲ.

“ಬಲಕ್ಕೆ,” ಅಂದೆ.

ಆಸ್ಪತ್ರೆಯಲ್ಲಿ ಸಹಿ ಹಾಕುವಾಗ ಅವನು ಪೆನ್ನು ಹಿಡಿದು ನನ್ನನ್ನೇ ಬಹಳ ಹೊತ್ತು ನೋಡಿದ. ನಾಚಿಕೆಯಿಂದ ತಲೆ ತಗ್ಗಿಸಿದೆ. ಆ ನೋಟದ ಅರ್ಥ ನನಗೆ ಆಗ ಗೊತ್ತಾಗಲಿಲ್ಲ. ಲಕೋಟೆ ಒಡೆದರು. ಚೀಟಿಯಲ್ಲಿ ಇಂಜೆಕ್ಷನ್ ಬಂದಿತ್ತು. ತಿಮ್ಮಿ ನರ್ಸಿನ ಕಾಲಿಗೇ ಬಿದ್ದಳು.

ಪ್ರತಿ ಸೋಮವಾರ ಇಂಜೆಕ್ಷನ್. ಮನೆಯಲ್ಲಿ ಟ್ರೇನಿಂಗ್ ಅಂತ ಹೇಳಿ ನಾನು ರೈಲು ಹತ್ತುತ್ತಿದ್ದೆ. ಕರೆಂಟು ಕೊಡುವಾಗ ತಲೆ ಅಲ್ಲಾಡದಂತೆ ಮುಖಕ್ಕೆ ಬಲೆಯ ಮುಖವಾಡ ಬಿಗಿಯುತ್ತಾರೆ. ಹೊರಗೆ ಬಂದಾಗ ಅವನ ಕೆನ್ನೆಯ ತುಂಬ ಬಲೆಯ ಗುರುತು. “ಅಂಬಿಗರ ಮಾಣಿ ಕೊನೆಗೂ ಬಲೆಗೆ ಬಿದ್ದ,” ಅನ್ನುತ್ತಿದ್ದ. ಮೂರನೇ ವಾರ ಮದ್ದಿಗೆ ಮುಖದ ತುಂಬ ಮೊಡವೆ ಎದ್ದವು.

“ಮೂವತ್ತೊಂದಕ್ಕೆ ಮೊಡವೆ! ನೋಡ್ಬೇಡ ಮಾರಾಯ್ತಿ, ಕಾಲೇಜಿಗೆ ಹೋಗೂ ಆಸೆ ಆಗ್ತದೆ.”

“ಮೊಡವೆ ಎದ್ರೆ ಮದ್ದು ಹಿಡೀತಾ ಅದೆ ಅಂತ ಡಾಕ್ಟರು ಹೇಳಿದಾರೆ.”

“ಹಾಂಗಾದ್ರೆ ಎಣಿಸು.”

ಎಣಿಸಿದೆ. ಹಣೆ, ಮೂಗು, ಗದ್ದ. ನಲವತ್ತರ ಹತ್ತಿರ ಬಂದಾಗ ಲೆಕ್ಕ ತಪ್ಪಿತು. ಅವನು ಕಣ್ಣು ತೆರೆಯಲೇ ಇಲ್ಲ. “ಮೊದಲಿಂದ ಎಣಿಸು,” ಅಂದ.

ಐದನೇ ವಾರ ಬಾಯಿಯೆಲ್ಲ ಹುಣ್ಣು. ಗಂಜಿಯ ತಿಳಿ ಇಳಿಯಲೂ ಕಣ್ಣೀರು ಬರುತ್ತಿತ್ತು. ಆಮೇಲೆ ನಿಧಾನವಾಗಿ ಎಲ್ಲ ಮಾಯಿತು. ಗಂಟು ಕರಗಿತ್ತು. ಜೂನಿನಲ್ಲಿ ಅವನು ಮತ್ತೆ ಮೈಕಿನ ಮುಂದೆ ಕೂತ: “ಭಟ್ಕಳ ಕಡೆ ಹೋಗುವ ಪ್ರಯಾಣಿಕರಲ್ಲಿ ವಿನಂತಿ, ದಯವಿಟ್ಟು ಮೂರು ಬಸ್ ಬಿಡಬಾರದು.” ನಿಲ್ದಾಣವೆಲ್ಲ ಅತ್ತಿತ್ತ ನೋಡಿತು. ನಾನು ಕಂಬದ ಹಿಂದೆ ನಕ್ಕೂ ನಕ್ಕೂ ಅತ್ತೆ.

“ನನ್ನ ಅತ್ತೆ ಅಂತ ಕರೆ ಇನ್ನು,” ಅಂದಳು ತಿಮ್ಮಿ. “ಬಲದ ಹೂ ತಂದವಳು ನೀನು.” ನಾನು ಬಳಚಿನ ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

ಕರೆಂಟು ಮುಗಿದ ಎಂಟನೇ ತಿಂಗಳಿಗೆ ಕುತ್ತಿಗೆಯಲ್ಲಿ ಗಂಟು ಕಂಡಿತು. ನಾಲಿಗೆಯ ಬುಡದಲ್ಲೂ. ಈ ಸಲ ನಾಲಿಗೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಪೂರ್ತಿ ತೆಗೆಯಲು ಆಗಲಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮೊದಲೇ ಕತ್ತರಿಸಿದ್ದರೆ ಬದುಕುತ್ತಿದ್ದರಾ ಎಂದು ಕೇಳಿದೆ. “ಬದುಕಬಹುದಿತ್ತು. ಹೀಗೇ ಆಗಲೂಬಹುದಿತ್ತು. ಯಾರಿಂದಲೂ ಹೇಳಲಾಗದು,” ಅಂದರು. ಹೌದು ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಕರೆತಂದ ಮೇಲೆ ತಿಮ್ಮಿ ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಳು. “ಬಲಕ್ಕೆ ಕೊಟ್ಟು ಕುತ್ತಿಗೆ ಕೊಯ್ದ” ಎಂದು ಶಪಿಸುತ್ತ, ಒಂದು ಬೆಳಿಗ್ಗೆ ಜಗಳ ಆಡಲೆಂದೇ ಗುಡ್ಡ ಹತ್ತಿದಳು. ಗುನಗ ನಿಜ ಹೇಳಿದ. ಆ ತನಕ ಅವನನ್ನು ಯಾರೂ ಕೇಳಿರಲೇ ಇಲ್ಲ.

ಅವತ್ತು ಮಧ್ಯಾಹ್ನ ನಾನು ಎಳನೀರು ಹಿಡಿದುಕೊಂಡು ಅಂಗಳಕ್ಕೆ ಬಂದೆ. ದಿನಕರ ಜಗಲಿಯಲ್ಲಿ, ಕುತ್ತಿಗೆಗೆ ಬಟ್ಟೆ, ಮಡಿಲಲ್ಲಿ ಸ್ಲೇಟು. ತಿಮ್ಮಿ ಅಡ್ಡ ನಿಂತಳು.

“ಹೂ ಎಲ್ಲಿಗೆ ಬಿದ್ದಿತ್ತೆ?”

“ಅತ್ತೆ...”

“ಅತ್ತೆ ಅನ್ಬೇಡ. ಎಲ್ಲಿಗೆ?”

“ಎಡಕ್ಕೆ.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಅವಳ ಮುಖದಲ್ಲಿ ಎಂಥದೋ ಬೆಳಕು ಬಂತು. ಅದೇ ನನ್ನನ್ನು ಕೊಂದದ್ದು. “ನನ್ನ ದೇವರು ಸುಳ್ಳಾಡ್ಲಿಲ್ಲ,” ಅಂದಳು ಗುಡಿಯ ಗುಡ್ಡಕ್ಕೆ ಕೈ ಮುಗಿದು. “ನೀ ಆಡಿದ್ದು. ನನ್ನ ಮಗನ್ನ ತಿಂದವಳು ನೀನು.”

ನಾನು ಜಗಲಿಯತ್ತ ನೋಡಿದೆ. ಅವನು ಆಗಲೇ ಬರೆಯುತ್ತಿದ್ದ. ಸ್ಲೇಟು ನನ್ನತ್ತ ತಿರುಗಿಸಿದ.

*ನಂಗೆ ಗೊತ್ತಿತ್ತು. ಸಹಿ ಹಾಕೂ ಮೊದಲೇ ಗುನಗ ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದ್ದ. ನಂಗೂ ಬಲವೇ ಬೇಕಿತ್ತು.*

ಪೆನ್ನು ಹಿಡಿದು ನನ್ನನ್ನು ನೋಡಿದ ಆ ನೋಟ! ಹದಿನಾಲ್ಕು ತಿಂಗಳು ನಾನೊಬ್ಬಳೇ ಹೊತ್ತ ಸುಳ್ಳಿನ ಇನ್ನೊಂದು ತುದಿ ಅವನ ಹೆಗಲ ಮೇಲಿತ್ತು. ಅಳು, ಸಿಟ್ಟು, ಪ್ರೀತಿ ಎಲ್ಲ ಒಟ್ಟಿಗೇ ಬಂತು. ಬಾಯಿ ತೆರೆದೆ. ಅವನು ತಲೆ ಅಲ್ಲಾಡಿಸಿ, ಅಂಗೈಯಿಂದ ಒರೆಸಿ ಮತ್ತೆ ಬರೆದ.

*ಅಮ್ಮಂಗೆ ಹೇಳ್ಬೇಡ. ನಾ ಹೋಗುವವ. ಅವ್ಳಿಗೆ ದೇವರೂ ಉಳೀಬೇಕು, ಮಗನೂ ಉಳೀಬೇಕು. ತಪ್ಪು ನಿನ್ನ ಮೇಲೇ ಇರ್ಲಿ, ನೀ ತಡ್ಕೊ. ನಿನ್ನ ಬಿಟ್ರೆ ಯಾರ ಹತ್ರ ಕೇಳ್ಲಿ?*

“ಎಂತ ಬರ್ದ ಅವ?” ತಿಮ್ಮಿ ಸ್ಲೇಟನ್ನೂ ನನ್ನನ್ನೂ ನೋಡಿದಳು. “ಓದು. ಈ ಸಲನಾದ್ರೂ ಇದ್ದದ್ದು ಇದ್ದ ಹಾಂಗೆ ಓದು.”

ಅವನ ಕಣ್ಣು ನನ್ನ ಮೇಲಿತ್ತು. ಕೌಂಟರಿನ ಬಾಗಿಲಲ್ಲಿ ತಿರುಗಿ ನಿಂತಿದ್ದ ಅದೇ ಕಣ್ಣು.

“ಇನ್ನು ಈ ಅಂಗಳಕ್ಕೆ ಕಾಲಿಡಬೇಡ,” ಎಂದು ನಾನು ಓದಿದೆ. “ನಿನ್ನ ಮುಖ ನೋಡಲಿಕ್ಕೆ ಮನಸ್ಸಿಲ್ಲ, ಅಂತ ಬರ್ದಿದಾರೆ.”

“ಕೇಳ್ದ್ಯಾ?” ಅಂದಳು ತಿಮ್ಮಿ, ಗೆದ್ದವಳ ಹಾಗೆ. ಮಗನ ತಲೆ ಸವರಿ, ದೀಪ ಹಚ್ಚಲು ಒಳಗೆ ಹೋದಳು.

ದಿನಕರ ಉಗುಳಿನಲ್ಲಿ ಬೆರಳು ಅದ್ದಿ ಸ್ಲೇಟನ್ನು ಒರೆಸಿದ, ಅಕ್ಷರದ ನೆರಳೂ ಉಳಿಯದ ಹಾಗೆ. ನಾನು ಎಳನೀರನ್ನು ಜಗಲಿಯ ಅಂಚಿಗಿಟ್ಟು ಹೊರಟೆ.

ಹೊನ್ನಾವರದಲ್ಲಿ ಮೈಕಿನ ಮುಂದೆ ಬೇರೆ ಯಾರೋ ಇದ್ದರು. ನಾನು ಮೊದಲನೇ ಬಸ್ಸಿಗೇ ಹತ್ತಿದೆ.