ಎರಡು ಸಲ ಹಾರ್ನ್

“ಮತ್ತೊಂದು ಸಲ ಒತ್ತು, ಸುಬ್ಬಿ!” ಬಾನೆಟ್ಟಿನ ಹಿಂದಿನಿಂದ ಮೆಕ್ಯಾನಿಕ್ ವೆಂಕಟ ಕೂಗಿದ.

ಸುಬ್ಬಿ ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ಹಾರ್ನ್ ಕಮಕ್ ಕಿಮಕ್ ಎನ್ನಲಿಲ್ಲ.

“ಬ್ಯಾಟ್ರಿ ಸರಿ ಇದೆ, ಫ್ಯೂಸೂ ಸರಿ ಇದೆ. ಇದಕ್ಕೆ ಎಂತ ರೋಗ ಮಾರಾಯ್ತಿ?”

ಆ ಹಳೇ ಕಾರನ್ನು ಸುಬ್ಬಿಯ ಅಪ್ಪ ಕುಮಟೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಸಂಜೆ ತಿರುವಿನಲ್ಲಿ ಎರಡು ಸಲ ‘ಪೋಂ ಪೋಂ’ ಎಂದರೆ ಆಯಿ, ಅಂದರೆ ಸುಬ್ಬಿಯ ಅಮ್ಮ, ಹೋಗಿ ದಾರಿಗೆ ಅಡ್ಡ ಹಾಕಿದ ದಣಪೆಯ ಗಳ ತೆಗೆಯುತ್ತಿದ್ದಳು.

ಮಳೆಗಾಲಕ್ಕೆ ಮೊದಲು ಅಪ್ಪ ಜ್ವರ ಬಂದು ತೀರಿಕೊಂಡ. ಕಾರನ್ನು ಭಟ್ಕಳದವರೊಬ್ಬರು ಕೊಂಡಿದ್ದರು. ವೆಂಕಟ ಇವತ್ತೇ ಅದನ್ನು ಒಯ್ಯುವವನಿದ್ದ. ಹೋಗುವ ಮೊದಲು ಆ ‘ಪೋಂ ಪೋಂ’ ಒಂದೇ ಒಂದು ಸಲ ಕೇಳಬೇಕು. ಸುಬ್ಬಿಗೆ ಬೇಕಾದದ್ದು ಅಷ್ಟೇ.

ಅಪ್ಪ ಹೋದ ಮೇಲೂ ಅವಳು ಶಾಲೆಯಿಂದ ಬಂದವಳೇ ಅಪ್ಪನ ಸೀಟಿನಲ್ಲಿ ಕೂತು ಎರಡು ಸಲ ಹಾರ್ನ್ ಹೊಡೆಯುತ್ತಿದ್ದಳು. ಆಗ ಅಪ್ಪ ಅಲ್ಲೇ ಎಲ್ಲೋ ಇದ್ದಾನೆ ಅನ್ನಿಸುತ್ತಿತ್ತು. ಒಂದು ದಿನ ಹಾರ್ನ್ ಸತ್ತೇಹೋಯಿತು. ಅವತ್ತು ಅವಳು ಅತ್ತದ್ದು ಅಷ್ಟಿಷ್ಟಲ್ಲ.

ವೆಂಕಟ ವಯರು ಕಟ್ಟಿದ ಸಣ್ಣ ಬಲ್ಬು ಹಿಡಿದು ಸ್ಟಿಯರಿಂಗಿನ ಬುಡಕ್ಕೆ ತಲೆ ತೂರಿಸಿದ. ಕರೆಂಟು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಬಲ್ಬು ಹತ್ತುತ್ತದೆ. ಹತ್ತಿತು, ಹತ್ತಿತು, ಆರಿತು.

“ಸಿಕ್ತು! ಜಾಯಿಂಟು ಬಿಚ್ಚಿದೆ. ತಾನಾಗಿ ಬಿಚ್ಚಿದ್ದಲ್ಲ ಇದು, ಯಾರೋ ಬಿಚ್ಚಿದ್ದು. ಎರಡೂ ತುದಿಗೆ ಎಷ್ಟು ಚೆಂದ ಬಟ್ಟೆ ಸುತ್ತಿದ್ದಾರೆ ನೋಡು.”

ಸುಬ್ಬಿ ನೋಡಿದಳು. ಹಸಿರು ಬಟ್ಟೆ, ಹಳದಿ ಅಂಚು. ಅಪ್ಪ ಹೋದ ಮೇಲೆ ಆಯಿ ಉಡದೇ ಬಿಟ್ಟ ಸೀರೆ. ಅಪ್ಪ ಕಾರು ರಿಪೇರಿ ಮಾಡುವಾಗ ಪಕ್ಕದಲ್ಲಿ ಲಾಟೀನು ಹಿಡಿಯುತ್ತಿದ್ದವಳೂ ಆಯಿಯೇ.

ಸುಬ್ಬಿಗೆ ಒಂದು ಸಂಜೆ ನೆನಪಾಯಿತು. ಅವಳು ಹಾರ್ನ್ ಹೊಡೆದದ್ದೇ ತಡ, ಕೈಯಲ್ಲಿ ಅಕ್ಕಿಹಿಟ್ಟು ಮೆತ್ತಿಕೊಂಡ ಹಾಗೇ ಆಯಿ ಓಡಿಬಂದಿದ್ದಳು. ದಣಪೆ ತೆಗೆದು, ಖಾಲಿ ರಸ್ತೆಯನ್ನೇ ನೋಡುತ್ತ ನಿಂತಿದ್ದಳು. “ಆನೇ ಆಯಿ!” ಎಂದು ಸುಬ್ಬಿ ತನ್ನನ್ನು ತೋರಿಸಿಕೊಂಡು ನಕ್ಕಿದ್ದಳು. ಹಾರ್ನ್ ಸತ್ತದ್ದು ಅದಾದ ಮೇಲೆಯೇ.

“ಜೋಡಿಸಿದೆ. ಆತು, ಈಗ ಒತ್ತು,” ಎಂದ ವೆಂಕಟ.

ಸುಬ್ಬಿ ಕೈ ಹಿಂದೆ ತೆಗೆದಳು.

“ಬೇಡ, ವೆಂಕಟಣ್ಣ. ಮತ್ತೆ ಬಿಚ್ಚು. ಹೊನ್ನಾವರದಲ್ಲಿ ಹೊಳೆ ದಾಟಿದ ಮೇಲೆ ಜೋಡಿಸು.”

ವೆಂಕಟ ಬಟ್ಟೆ ನೋಡಿದ, ಅಡುಗೆಮನೆಯ ಬಾಗಿಲು ನೋಡಿದ. ವಯರು ಬಿಚ್ಚಿ, ಬಟ್ಟೆಯನ್ನು ಮೊದಲಿನ ಹಾಗೇ ಸುತ್ತಿದ.

ಆಯಿ ಹೊರಗೆ ಬಂದಳು. “ಹಾರ್ನ್ ಸರಿ ಆತಾ?” ಎನ್ನುವಾಗ ಅವಳ ದನಿ ಸಣ್ಣಗಿತ್ತು.

“ಇಲ್ಲೆ ಆಯಿ. ಎಂತಕ್ಕೆ ಹೇಳಿ ಗೊತ್ತಾಜಿಲ್ಲೆ,” ಎಂದು ಸುಬ್ಬಿ ತಲೆ ಅಲ್ಲಾಡಿಸಿದಳು.

ಕಾರು ಹೊರಟಿತು. ಆಯಿ ಮೆಟ್ಟಿಲು ಇಳಿಯುವ ಮೊದಲೇ ಸುಬ್ಬಿ ಓಡಿಹೋಗಿ ದಣಪೆ ತೆಗೆದಳು. ಕಾರು ಹಾರ್ನ್ ಹೊಡೆಯದೆ ತಿರುವು ದಾಟಿತು. ಅವಳು ದಣಪೆ ಹಾಕಿ ಬಂದು ಆಯಿಯ ಕೈ ಹಿಡಿದುಕೊಂಡಳು.