ಟವೆಲ್ಲಿನ ಮರೆಯ ಮಾತು

ಒಂದೂರು. ಆ ಊರಿನ ಸಾಹುಕಾರನಿಗೆ ಮನೆ ತುಂಬ ದವಸ, ಮಡಿಲು ತುಂಬಲು ಒಬ್ಬಳೇ ಮಗಳು. ಒಂದು ದಿನ ಬೆಳಗಾಗುವಷ್ಟರಲ್ಲಿ ಅವನ ಬಾಗಿಲಲ್ಲಿ ಒಂದು ಆನೆ, ಒಂದು ಕುದುರೆಮರಿ ಬಂದು ನಿಂತಿದ್ದವು. ಆನೆಯನ್ನು ಕಟ್ಟಿಕೊಂಡರೆ ಮಗಳು ಪರವೂರಿನ ಅರಮನೆಗೆ ಹೋಗಬೇಕು. ಕುದುರೆಮರಿಯನ್ನು ಕಟ್ಟಿಕೊಂಡರೆ ಮಗಳು ಕಣ್ಣೆದುರಿಗೇ ಇರುತ್ತಾಳೆ. ಸಾಹುಕಾರ ಯಾವುದಕ್ಕೆ ಹಗ್ಗ ಹಾಕಿದ?

ಮನೆಯ ಅಜ್ಜಿ ಗುರವ್ವ ಆಯಿ ಹೇಳಿದ್ದರೆ ಈ ಕಥೆ ಹೀಗೇ ಶುರುವಾಗುತ್ತಿತ್ತು. ಊರು ಸಿಂದಗಿ. ಪೆಟ್ರೋಲಿನ ದರ ಏರಿ ಸ್ಕೂಟರಿನವರೂ ನಿಟ್ಟುಸಿರಿಟ್ಟ ವರ್ಷ, ಎಪ್ಪತ್ನಾಲ್ಕು. ಸಾಹುಕಾರನೆಂದರೆ ಆಯಿಯ ಮಗ, ತೊಗರಿ ದಲಾಲಿ ಶಂಕರೆಪ್ಪ. ಆನೆಯೆಂದರೆ ಮುದ್ದೇಬಿಹಾಳದ ಡಾಕ್ಟರರ ಕರಿ ಅಂಬಾಸಿಡರ್. ಕುದುರೆಮರಿ, ಬಸವನ ಬಾಗೇವಾಡಿಯ ವಕೀಲರ ಹಾಲುಬಣ್ಣದ ಪುಟ್ಟ ಫಿಯಾಟ್. ಎರಡೂ ಹಳೆಯ ಗಾಡಿ, ಎರಡೂ ಮಾರಾಟಕ್ಕೆ ಬಂದವು. ಆ ಮಗಳು ಕಸ್ತೂರಿ ಬಾಗಿಲ ಪರದೆಯ ಹಿಂದೆ ನಿಂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಸುತ್ತಿಕೊಳ್ಳಲು ಕಾರಣವಿತ್ತು. ಇಂಡಿ ಊರಿನ ಗೌಡರ ಮನೆಯವರು ಹೋದ ತಿಂಗಳು ಅವಳನ್ನು ನೋಡಿಕೊಂಡು ಹೋಗಿದ್ದರು. ಹುಡುಗಿ ಒಪ್ಪಿಗೆ, ಆದರೆ ಅಳಿಯನಿಗೆ ಒಂದು ದೊಡ್ಡ ಗಾಡಿ ಬರಬೇಕು, ಸಣ್ಣದು ತಮ್ಮ ಅಂಗಳಕ್ಕೆ ಒಪ್ಪುವುದಿಲ್ಲ ಎಂದಿದ್ದರು. ಅಂಬಾಸಿಡರ್ ಚೆನ್ನಾಗಿದ್ದರೆ ಶಂಕರೆಪ್ಪ ಇಂದೇ ಮುಂಗಡ ಕೊಟ್ಟು, ನಾಳೆ ಇಂಡಿಗೆ ಎಲೆ ಅಡಿಕೆ ಕಳಿಸುವವನು. ಇಲ್ಲವಾದರೆ ಮನೆಯ ಓಡಾಟಕ್ಕೆ ಫಿಯಾಟ್ ಕೊಂಡು, ಮದುವೆಯ ಮಾತನ್ನು ಮುಂದಿನ ಸುಗ್ಗಿಗೆ ಹಾಕುವವನು.

ಯಾವ ಗಾಡಿ ಚೆನ್ನಾಗಿದೆ ಎಂದು ಹೇಳಬೇಕಾದವನು ಬಸ್‌ಸ್ಟ್ಯಾಂಡಿನ ಹಿಂದಿನ ಜೈನುದ್ದೀನರ ಗ್ಯಾರೇಜಿನ ಮೇಸ್ತ್ರಿ ರಾಚಪ್ಪ. ಇಂಗಳೇಶ್ವರದ ಹುಡುಗ. ಎರಡು ವರ್ಷದ ಹಿಂದೆ, ಕಸ್ತೂರಿ ಬಿಜಾಪುರದ ಕಾಲೇಜಿನಿಂದ ಬರುತ್ತಿದ್ದ ಬಸ್ಸು ಮನಗೂಳಿಯ ಬಳಿ ಕೆಟ್ಟು ನಿಂತಾಗ ತೋಳು ಮಡಚಿ ರಿಪೇರಿಗೆ ಇಳಿದಿದ್ದವನು ಅವನೇ. ಅಂದು ಅವನ ಹಣೆಯ ಮೇಲೆ ಅಂಟಿದ್ದ ಗ್ರೀಸನ್ನು ಕಿಟಕಿಯಿಂದ ಬೆರಳು ತೋರಿಸಿ ಹೇಳಿದವಳು ಕಸ್ತೂರಿ. ಅವನು ಒರೆಸಿಕೊಂಡದ್ದು ಬೇರೆ ಕಡೆ. ಅವಳು ನಕ್ಕಳು, ಅವನು ನಕ್ಕ. ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಸಂಕ್ರಾಂತಿ ಒಳಗ ನಿಮ್ಮ ಅಪ್ಪಗ ನಾನ ಬಂದು ಕೇಳ್ತೇನಿ" ಎಂದು ಮಾತು ಕೊಟ್ಟಿದ್ದ. ಎರಡು ಸಲ ಬಂದೂ ಇದ್ದ. ಒಮ್ಮೆ ಸ್ಕೂಟರಿನ ಪ್ಲಗ್ ಒರೆಸಿಕೊಟ್ಟು ಹೋದ. ಇನ್ನೊಮ್ಮೆ ಎರಡು ಕಪ್ ಚಹಾ ಕುಡಿದು, ತೊಗರಿ ಧಾರಣೆ ಕೇಳಿ ಹೋದ. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂದಿತ್ತು.

ಈಗ ಅವನು ಅಂಬಾಸಿಡರಿನ ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಗರ್ಭಿಣಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯ ಹಾಗೆ. ಅವನ ಆ ಮುಚ್ಚಿದ ಕಣ್ಣುಗಳನ್ನು ನೋಡಿ ಕಸ್ತೂರಿಗೆ ಆ ಇಂಜಿನ್ನಿನ ಮೇಲೆ ಸಣ್ಣದೊಂದು ಹೊಟ್ಟೆಕಿಚ್ಚು ಹುಟ್ಟಿತು.

"ಆಯಿನ್ನ ಕುಂಡ್ರಿಸಿಕೊಂಡು ಒಂದೊಂದ್ ಸುತ್ತ ಹೊಡಿ," ಅಂದ ಶಂಕರೆಪ್ಪ. "ಮುದುಕಿ ಮೈ ಕುಲಕಬಾರದು. ಕಸ್ತೂರಿ, ನೀನೂ ಹತ್ತು, ಆಯಿನ್ನ ಹಿಡಕೋ."

ಅಂಬಾಸಿಡರಿನ ಹಿಂದಿನ ಸೀಟು ಪಡಸಾಲೆಯಷ್ಟಿತ್ತು. ಆಯಿ ಆ ತುದಿ, ಕಸ್ತೂರಿ ಈ ತುದಿ. ಮುಂದೆ ಅಪ್ಪ. ಮೇಲಿನ ಕನ್ನಡಿಯಲ್ಲಿ ಮಾತ್ರ ರಾಚಪ್ಪನ ಎರಡು ಕಣ್ಣು. ರಸ್ತೆ ನೋಡುವುದು, ಅವಳನ್ನು ನೋಡುವುದು, ಮತ್ತೆ ರಸ್ತೆ. ಅವಳು ಮೊದಲು ಮುಖ ತಿರುಗಿಸಿದಳು. ಆಮೇಲೆ ತಿರುಗಿಸಲಿಲ್ಲ.

ಗಾಡಿ ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಗಿ ಬಂತು. ಶಂಕರೆಪ್ಪ ಇಳಿದು ಬಾಗಿಲು ಹಾಕಿ, ಆ ಗಡುತರದ ಸದ್ದಿಗೆ ತಲೆದೂಗಿದ.

ಫಿಯಾಟಿಗೆ ಅವನು ಹತ್ತಲಿಲ್ಲ. ಆಯಿ, ಕಸ್ತೂರಿ, ರಾಚಪ್ಪ ಮೂವರೇ. ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಊರು ದಾಟುವಷ್ಟರಲ್ಲಿ ಆಯಿ ಕಸ್ತೂರಿಯ ಹೆಗಲಿಗೆ ತಲೆಯಿಟ್ಟು ಗೊರಕೆ ಶುರು ಮಾಡಿದಳು.

"ಮೇಸ್ತ್ರಿ," ಕಸ್ತೂರಿ ಮುಂದಕ್ಕೆ ಬಾಗಿದಳು. ಅವನ ಕಿವಿ ಒಂದು ಗೇಣು ದೂರದಲ್ಲಿತ್ತು. "ಆ ದೊಡ್ಡ ಗಾಡಿಗೆ ಏನಾರ ಒಂದ ಕುಂದ ಹೇಳ್ರಿ. ಹೊಗಿ ಉಗಳತೈತಿ ಅನ್ರಿ. ಆಯಿಲ್ ಕುಡಿತೈತಿ ಅನ್ರಿ. ಅಪ್ಪ ನಿಮ್ಮ ಮಾತು ಮೀರಂಗಿಲ್ಲ."

"ಅದು ಹೊಗಿ ಉಗಳಂಗಿಲ್ಲ ಕಸ್ತೂರಿ. ಡಾಕ್ಟರು ಕೂಸಿನಂಗ ಇಟ್ಟಾರ. ಇದಕ್ಕ ಬ್ಯಾಟರಿ ಹೋಗೈತಿ, ಟಾಯರ್ ಸವದಾವ."

"ನಾ ಇಂಡಿಗೆ ಹ್ವಾದ್ರೂ ಅಡ್ಡಿ ಇಲ್ಲ, ಇಂಜಿನ್ನಿನ ಮರ್ಯಾದಿ ಉಳಿಬೇಕು. ಹೌದಿಲ್ಲೋ?"

ಅವನು ಗೇರು ಬದಲಿಸಿದ. ತಪ್ಪು ಗೇರು, ಗಾಡಿ ಜಗ್ಗಿತು. "ಇವತ್ತ ಸುಳ್ಳ ಹೇಳಿ ನಿನ್ನ ಪಡಕೊಂಡ್ರ, ನಾಳೆ ನಿಮ್ಮ ಅಪ್ಪನ ಸಾಲಿನ್ಯಾಗ ಊಟಕ್ಕ ಹೆಂಗ ಕೂಡಲಿ? ತುತ್ತ ಇಳೀತೈತೇನು?"

"ಹಂಗಾರ ಕೊಟ್ಟ ಮಾತರ ನಡಸ್ರಿ. ಮೂರನೇ ಸಲ ಬಂದೀರಿ. ಇವತ್ತೂ ಧಾರಣಿ ಕೇಳಿ ಹೋಗ್ಬ್ಯಾಡ್ರಿ."

ಅವನ ಕಿವಿಯ ತುದಿ ಕೆಂಪಗಾಯಿತು. ಬೇರೆ ದಿನವಾಗಿದ್ದರೆ ಅವಳಿಗೆ ಅಷ್ಟೇ ಸಾಕಾಗುತ್ತಿತ್ತು.

ಮನೆಯ ಮುಂದೆ ಡಾಕ್ಟರರ ಡ್ರೈವರ್, ವಕೀಲರು ಇಬ್ಬರೂ ಕಾಯುತ್ತಿದ್ದರು. ಮಾರುವವರ ಎದುರು ಗಾಡಿಯ ಗುಣದೋಷ ಕೇಳುವುದುಂಟೇ? ಶಂಕರೆಪ್ಪ ತೊಗರಿ ವ್ಯಾಪಾರದಲ್ಲಿ ಮಾಡುವುದನ್ನೇ ಮಾಡಿದ. ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈ, ರಾಚಪ್ಪನ ಕೈ ಎರಡನ್ನೂ ಮುಚ್ಚಿದ. ಒಳಗೆ ಬೆರಳಿಗೆ ಬೆರಳೇ ಮಾತು. "ಒಂದ ಅಂದ್ರ ದೊಡ್ಡದು, ಎರಡ ಅಂದ್ರ ಸಣ್ಣದು," ಎಂದು ಅವನ ಕಿವಿಯಲ್ಲಿ ಉಸುರಿದ.

ಪರದೆಯ ಹಿಂದಿನಿಂದ ಕಸ್ತೂರಿಗೆ ಟವೆಲ್ ಮಾತ್ರ ಕಾಣುತ್ತಿತ್ತು. ಆದರೆ ದಲಾಲಿಯ ಮಗಳಲ್ಲವೇ? ವ್ಯಾಪಾರ ಮನಸ್ಸಿಗೆ ಬಂದರೆ ಅಪ್ಪನ ಎಡಹುಬ್ಬು ಏರುವುದು ಅವಳಿಗೆ ಗೊತ್ತು. ಟವೆಲ್ ಒಮ್ಮೆ ಅಲುಗಿತು. ಹುಬ್ಬು ಏರಿತು.

ಒಂದು ಬೆರಳು, ದೊಡ್ಡ ಗಾಡಿ.

ಅವಳ ಕಣ್ಣು ತುಂಬಿ ಪರದೆಯ ಹೂಗಳೆಲ್ಲ ಕಲಸಿಹೋದವು. ಒಳಗೆ ಹೋಗಲು ತಿರುಗಿದಾಗ ಆಯಿ ಸೆರಗು ಜಗ್ಗಿದಳು. "ನಿಂದ್ರ. ಆ ಹುಡುಗ ಇನ್ನ ಕೈ ಬಿಟ್ಟಿಲ್ಲ."

ನಿಜ. ಮಾತು ಮುಗಿದ ಮೇಲೆ ಕೈ ಎಳೆದುಕೊಳ್ಳಬೇಕು, ಅದು ದಲಾಲಿ ಕಟ್ಟೆಯ ಪದ್ಧತಿ. ಹಿಡಿದ ಕೈ ಬಿಡಲಿಲ್ಲವೆಂದರೆ ಮಾತು ಇನ್ನೂ ಉಳಿದಿದೆ ಎಂದೇ ಅರ್ಥ. ಶಂಕರೆಪ್ಪ ಎಳೆದ, ರಾಚಪ್ಪ ಬಿಡಲಿಲ್ಲ.

"ಏನಪಾ, ಕಮಿಷನ್ ಬೇಕೇನು?"

"ಅಲ್ರಿ ಸಾವ್ಕಾರ್ರ."

ಅವನ ಮುಖ ನೋಡಿ ಶಂಕರೆಪ್ಪ ಮಾರುವವರಿಬ್ಬರನ್ನೂ ಚಹಾಕ್ಕೆಂದು ಪಡಸಾಲೆಗೆ ಕಳಿಸಿದ. "ಹೇಳು."

"ಈ ಅಂಬಾಸಿಡರ್ ಇಂಡಿಗೆ ಹೋಗೂದು ಅಂತ ನನಗ ಗೊತ್ತೈತ್ರಿ."

"ಅದರಾಗ ನಿಂದೇನು?"

ರಾಚಪ್ಪನ ಕಣ್ಣು ಪರದೆಯ ಕಡೆ ಹೋಯಿತು. ಆ ಕಣ್ಣಿನ ಹಿಂದೆಯೇ ಶಂಕರೆಪ್ಪನ ಕಣ್ಣೂ ಹೋಯಿತು. ಗಾಳಿಯಿರಲಿಲ್ಲ, ಪರದೆ ಅಲುಗುತ್ತಿತ್ತು.

"ಗೊತ್ತಿದ್ದೂ ಒಂದ ಬೆರಳ ಹಿಡದಿ?"

"ಗಾಡಿ ಚೊಲೋ ಐತ್ರಿ. ನನ್ನ ಹೊಟ್ಟಿ ಉರಿತೈತಿ ಅಂತ ಅದನ್ನ ಕೆಟ್ಟದ್ದ ಅನ್ನಾಕ ಬರಂಗಿಲ್ಲ."

"ಗ್ಯಾರೇಜಿನ್ಯಾಗ ದುಡಿಯಾವ ನೀ."

"ಹೌದ್ರಿ. ದುಡಿಯೂದು ತಪ್ಪಸಂಗಿಲ್ಲ."

ಶಂಕರೆಪ್ಪ ಟವೆಲ್ಲಿನ ಕಡೆ ನೋಡಿದ. "ಮೂವತ್ತ ವರ್ಷದಾಗ ಇದರ ಕೆಳಗ ಎಷ್ಟ ಕೈ ಹಿಡದೇನಿ. ತನ್ನ ಲುಕ್ಸಾನಕ್ಕ ತಾನ ಬೆರಳ ಕೊಟ್ಟಾವ್ರನ್ನ ಕಂಡಿದ್ದಿಲ್ಲ."

"ಶಂಕ್ರ್ಯಾ," ಪರದೆ ಸರಿಸಿ ಆಯಿ ಹೊರಬಂದಳು. "ದೊಡ್ಡ ಗಾಡ್ಯಾಗ ನನ್ನ ಮೊಮ್ಮಗಳು ಒಂದ ಮೂಲಿ, ನಾ ಒಂದ ಮೂಲಿ. ಸಣ್ಣದರಾಗ ಮೈಗೆ ಮೈ ಹತ್ತಿ ಬೆಚ್ಚಗಿತ್ತು. ಮತ್ತ ಒಂದ ಹೇಳ್ತೇನಿ. ನಾ ಗೊರಕಿ ಹೊಡದಿದ್ದು ಖರೆ, ನಿದ್ದಿ ಮಾಡಿದ್ದು ಸುಳ್ಳು. ಇವರಿಬ್ಬರೂ ಆಡಿದ್ದೆಲ್ಲಾ ಕೇಳೇನಿ. ಸುಳ್ಳ ಹೇಳಂದ್ರ ಹೇಳಂಗಿಲ್ಲ ಅಂದಾನ."

ರಾಚಪ್ಪ ತಲೆ ತಗ್ಗಿಸಿದ. ಪರದೆಯ ಹಿಂದೆ ಕಸ್ತೂರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ.

ಶಂಕರೆಪ್ಪನ ಕಣ್ಣು ಅಂಬಾಸಿಡರಿನ ಮೇಲೆ ಒಂದು ಗಳಿಗೆ ನಿಂತಿತು. ಆಸೆಯಿತ್ತು, ಅದನ್ನು ಬಚ್ಚಿಡಲೂ ಇಲ್ಲ. ಆಮೇಲೆ ಒಳಗೆ ಕೇಳುವಂತೆ ಹೇಳಿದ: "ಕಸ್ತೂರಿ, ವಕೀಲರಿಗೆ ಇನ್ನೊಂದ ಕಪ್ ಚಾ ಕೊಡು. ಫಿಯಾಟಿನ ಮಾತಾಡೂದೈತಿ."

ಕಸ್ತೂರಿಯ ಕಾಲು ಅಲ್ಲಿಂದ ಕದಲಲಿಲ್ಲ.

ರಾಚಪ್ಪ ಇನ್ನೂ ಕೈ ಹಿಡಿದೇ ಇದ್ದ. ಟವೆಲ್ಲಿನೊಳಗೆ ಅವನ ಬೆರಳು ಏನನ್ನೋ ಹೇಳಲು ಹುಡುಕುತ್ತಿತ್ತು. ಶಂಕರೆಪ್ಪ ಟವೆಲ್ ಕಿತ್ತು ಹೆಗಲಿಗೆ ಹಾಕಿಕೊಂಡ.

"ನನ್ನ ಮಗಳೇನು ತೊಗರಿ ಅಲ್ಲಪಾ, ಬೆರಳಿನ್ಯಾಗ ಕೇಳಾಕ. ಬಾಯಿ ಬಿಟ್ಟ ಕೇಳು. ಆಕಿಗೂ ಕೇಳಿಸಲಿ."

ಬೀದಿಯಲ್ಲಿ ಎತ್ತಿನ ಗಾಡಿಯೊಂದು ಹಾದುಹೋಯಿತು. ಅದರ ಗೆಜ್ಜೆಯ ಸದ್ದು ಮುಗಿಯುವವರೆಗೆ ರಾಚಪ್ಪ ಕಾದ. ಹೇಳಿದಾಗ ಅವನ ದನಿ ಮೆಲ್ಲಗಿತ್ತು, ಆದರೆ ಪರದೆಯಾಚೆಗೂ ಒಂದಕ್ಷರ ಬಿಡದೆ ತಲುಪಿತು.

"ಸಾವ್ಕಾರ್ರ, ನಿಮ್ಮ ಕಸ್ತೂರಿನ್ನ ನನಗ ಕೊಡ್ರಿ."