ಏಳು ಗಂಟೆ ಎಂಟು ನಿಮಿಷ

ನಿಶ್ಚಲ್ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಎರಡು ವರ್ಷದಿಂದ ಅದು ತನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದ ರೆಜಿನಾಗೆ, ಈಗದು ಹೊಸ ಹುಡುಗಿ ಸಮೀಕ್ಷಾ ಎದುರು ಬೀಳುವುದನ್ನು ಕಂಡು ಮೈ ಉರಿಯಿತು.

ಕಠ್ಮಂಡುವಿನ ಕಲಂಕಿ ಚೌಕದಲ್ಲಿ, ಬಸ್ ಕೌಂಟರಿನ ಮೇಲಿನ ಕೋಣೆಯಲ್ಲಿ ಮೂವರೂ ಟಿಕೆಟ್ಟಿನ ಪ್ರೋಗ್ರಾಂ ಬರೆಯುತ್ತಿದ್ದರು.

"ದಾಜು, ಬಸ್ಸಿನ ಟೈಮು ಟಿಕೆಟ್ ಮೇಲೆ ಹೇಗೆ ಬರ್ಸೋದು?" ಕೆಲಸ ಕಲಿಸುತ್ತಿದ್ದ ನಿಶ್ಚಲ್‌ನನ್ನು ಸಮೀಕ್ಷಾ ಕೇಳಿದಳು.

ದಾಜುವಂತೆ, ಅಣ್ಣನಂತೆ! ತಾನೂ ಮೊದಲ ಆರು ತಿಂಗಳು ಅವನನ್ನು ಹಾಗೇ ಕರೆದವಳಲ್ಲವೇ?

ಸಮೀಕ್ಷಾ ಬರೆದದ್ದು ಪರಿಶೀಲನೆಗೆ ರೆಜಿನಾ ಬಳಿಯೇ ಬಂತು. ಪ್ರೋಗ್ರಾಂನಲ್ಲಿ ನಿಮಿಷಕ್ಕೆ ಇಂಗ್ಲಿಷಿನ ಸಣ್ಣಕ್ಷರದ ಎಂ ಬೇಕು. ಹುಡುಗಿ ದೊಡ್ಡಕ್ಷರ ಹಾಕಿದ್ದಳು, ಅದೆಂದರೆ ತಿಂಗಳು. ಇದು ಆಗಸ್ಟ್, ಎಂಟನೇ ತಿಂಗಳು. ಇನ್ನು ಎಲ್ಲ ಬಸ್ಸಿನ ಟಿಕೆಟ್ಟಿನಲ್ಲೂ ನಿಮಿಷದ ಜಾಗದಲ್ಲಿ ಎಂಟೇ! ತಿದ್ದಲು ಕೈ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಇಬ್ಬರ ನಗು ಕೇಳಿಸಿತು.

ರೆಜಿನಾ 'ಸರಿ ಇದೆ' ಎಂದು ಒತ್ತಿಬಿಟ್ಟಳು.

ಹೊಸ ಟಿಕೆಟ್ಟಿನ ಮೊದಲ ಬೆಳಿಗ್ಗೆಯೇ ಕೌಂಟರಿನಲ್ಲಿ ಗಲಾಟೆ. "ಏಳು ಎಂಟಕ್ಕೆ ಅಂತ ಇದೆಯಲ್ಲಪ್ಪ? ನಾನು ಏಳು ಐದಕ್ಕೇ ಬಂದೆ," ಎಂದು ಮುದುಕಿಯೊಬ್ಬಳು ಅಳುತ್ತಿದ್ದಳು. "ಪೋಖರಾದಲ್ಲಿ ಮಗಳಿಗೆ ಹೆರಿಗೆ ನೋವು ಶುರುವಾಗಿದೆ."

ಬಸ್ಸು ಸರಿಯಾಗಿ ಏಳಕ್ಕೇ ಹೊರಟುಹೋಗಿತ್ತು.

ಮ್ಯಾನೇಜರ್ ಸಮೀಕ್ಷಾ ಮೇಲೆ ಹರಿಹಾಯ್ದರು. "ನಾಳೆಯಿಂದ ಬರಬೇಡ!"

ಹುಡುಗಿ ಕಣ್ಣೊರೆಸಿಕೊಂಡು ತನ್ನ ಚೀಲ ಎತ್ತಿಕೊಂಡಳು. ಬಯಸಿದ್ದೇ ಆಗಿತ್ತು, ಆದರೂ ರೆಜಿನಾಗೆ ಸುಮ್ಮನಿರಲಾಗಲಿಲ್ಲ.

"ಸರ್, ತಪ್ಪು ನನಗೆ ಕಂಡಿತ್ತು. ಬೇಕಂತಲೇ ಬಿಟ್ಟೆ."

"ಯಾಕೆ?"

ಅವಳು ನಿಶ್ಚಲ್‌ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

"ಸಮೀಕ್ಷಾ ಕೆಲಸದಲ್ಲಿರಲಿ. ನೀನು ಇನ್ನು ಪರಿಶೀಲನೆ ಮುಟ್ಟಬೇಡ," ಎಂದು ಮ್ಯಾನೇಜರ್ ಹೊರಟರು.

ಮುದುಕಿಗೆ ಮುಂದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ರೆಜಿನಾ ಅವಳನ್ನು ಕೈಹಿಡಿದು ಹತ್ತಿಸಿ ಇಳಿದಾಗ ನಿಶ್ಚಲ್ ಅಲ್ಲೇ ನಿಂತಿದ್ದ.

"ನನ್ನಿಂದಾನಾ?"

"ನೀನು ಅವಳ ಜೊತೆ ನಗ್ತಿದ್ದೆ."

"ನಗ್ತಿದ್ದೆ. ನೀನು ಓರೆಗಣ್ಣಲ್ಲಿ ನೋಡ್ತಿದ್ದೆಯಲ್ಲ, ಅದಕ್ಕೇ ಇನ್ನೂ ಜೋರಾಗಿ ನಗ್ತಿದ್ದೆ." ಅವನ ಧ್ವನಿ ತಗ್ಗಿತು. "ಎರಡು ವರ್ಷದಿಂದ ನಂಗೆ ಬಾಯಿ ಬರ್ಲಿಲ್ಲ. ನೀನಾದ್ರೂ ಜಗಳಕ್ಕೆ ಬರ್ತೀಯ ಅಂತ ಕಾದೆ. ನಂದೂ ತಪ್ಪೇ."

"ಏನು ಹೇಳೋಕೆ ಬಾಯಿ ಬರ್ಲಿಲ್ಲ?"

"ನೀನಂದ್ರೆ ನಂಗಿಷ್ಟ ಅಂತ."

ಅವಳ ಕಣ್ಣು ತುಂಬಿತು. "ಇಲ್ಲೇ ಅಳಿಸ್ಬೇಡ. ಮೊದ್ಲು ಸಮೀಕ್ಷಾ ಹತ್ರ ಕ್ಷಮೆ ಕೇಳ್ಬೇಕು."

"ಇಬ್ಬರೂ ಕೇಳೋಣ, ನಡಿ."

ಮೆಟ್ಟಿಲ ಬಳಿ ರೆಜಿನಾ ಅವನ ತೋಳು ಹಿಡಿದು ನಿಲ್ಲಿಸಿದಳು.

"ಒಂದ್ಮಾತು. ಇನ್ಮೇಲೆ ಅವಳಿಗೆ ನಾನೇ ಕಲಿಸ್ತೀನಿ."